ಮೂವತ್ತು ವರ್ಷದ ಮೇಲೆ ಮತ್ತೆ ಊಟಿಗೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಊಟಿಯ ಬಗ್ಗೆಯೇ ಇವೆ. ಕಾಲೇಜು ಪ್ರವಾಸದಲ್ಲೋ ಮದುವೆಯಾದ ಹೊಸತರಲ್ಲೋ ಹೋಗಿ ಬಂದವರು, ಈಗ ಹಳೆಯ ಸಂಗಡಿಗರನ್ನು ಕಟ್ಟಿಕೊಂಡು ಮತ್ತೆ ಹೊರಟಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

1993ರಲ್ಲಿ ಪದವಿ ಓದುವಾಗ ಊಟಿಗೆ ಹೋಗಿದ್ದೆವು. ಈಗ ಅದೇ ತರಗತಿಯ ಹನ್ನೊಂದು ಜನ ಬಾಡಿಗೆ ಟೆಂಪೋ ಟ್ರಾವೆಲರ್‌ನಲ್ಲಿ ಮೈಸೂರಿನ ಮೇಲೆ ಹೊರಟಿದ್ದೇವೆ. ಮೇ ತಿಂಗಳ ಶನಿವಾರ ಹೋಗಿ ಭಾನುವಾರ ರಾತ್ರಿ ವಾಪಸಾಗುವುದು ಎಂದುಕೊಂಡಿದ್ದೇವೆ. ಸರಿಯಿದೆಯೇ?
— ಓದುಗರು, ಹಾಸನ

ಮೇ ಬಿಡಿ, ವಾರಾಂತ್ಯವನ್ನೂ ಬಿಡಿ. ಸಸ್ಯೋದ್ಯಾನದ ಫಲಪುಷ್ಪ ಪ್ರದರ್ಶನ ಮೇ ತಿಂಗಳಲ್ಲೇ ನಡೆಯುತ್ತದೆ, ಶಾಲೆಗಳಿಗೂ ಆಗಲೇ ರಜೆ. ಗೂಡಲೂರಿನಿಂದ ಊಟಿಗೆ ಎರಡು ಗಂಟೆಯಲ್ಲಿ ಮುಗಿಯಬೇಕಾದ ಘಾಟಿ ಅರ್ಧ ದಿನ ತಿನ್ನುತ್ತದೆ. ಜನವರಿ ಕೊನೆಯ ವಾರದಿಂದ ಮಾರ್ಚ್ ಮಧ್ಯದವರೆಗೆ ಆಕಾಶ ತಿಳಿಯಾಗಿರುತ್ತದೆ, ಮಳೆಯ ಕಾಟ ಕಡಿಮೆ. ಮಂಗಳವಾರ ಹೋಗಿ ಗುರುವಾರ ಬನ್ನಿ. ನಿಮ್ಮಲ್ಲಿ ಕೆಲವರಾದರೂ ಈಗ ರಜೆ ಹೊಂದಿಸಿಕೊಳ್ಳುವ ವಯಸ್ಸಿನಲ್ಲಿ ಇರಬೇಕಲ್ಲ. ಎರಡು ರಾತ್ರಿ ಉಳಿಯದಿದ್ದರೆ ಪ್ರವಾಸದ ಮುಕ್ಕಾಲು ಭಾಗ ಗಾಡಿಯ ಸೀಟಿನಲ್ಲೇ ಕಳೆಯುತ್ತದೆ.

1993ರಲ್ಲಿ ಇರದ ಎರಡು ಸಂಗತಿಗಳು ಈಗ ಇವೆ. ಮೊದಲನೆಯದು ಇ-ಪಾಸ್. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿ ಜಿಲ್ಲೆಗೆ ಬರುವ ಹೊರಗಿನ ವಾಹನಗಳು ತಮಿಳುನಾಡು ಸರ್ಕಾರದ ಜಾಲತಾಣದಲ್ಲಿ ನೋಂದಾಯಿಸಿಕೊಂಡು ಪಾಸ್ ಪಡೆಯಬೇಕು. ಇದಕ್ಕೆ ಶುಲ್ಕವಿಲ್ಲ. 2025ರ ಬೇಸಿಗೆಯಲ್ಲಿ ವಾರದ ದಿನಗಳಿಗೆ 6,000, ವಾರಾಂತ್ಯಕ್ಕೆ 8,000 ವಾಹನಗಳ ಮಿತಿಯನ್ನೂ ಹಾಕಿದರು. ಸರ್ಕಾರಿ ಬಸ್ಸಿನಲ್ಲಿ ಅಥವಾ ರೈಲಿನಲ್ಲಿ ಹೋಗುವವರಿಗೆ ಪಾಸ್ ಬೇಕಿಲ್ಲ. ಎಡವಟ್ಟಾಗುವುದು ಹೀಗೆ: ಪಾಸ್ ಇರುವುದು ವಾಹನದ ನಂಬರಿಗೆ. ಬಾಡಿಗೆ ಗಾಡಿಯ ಮಾಲೀಕರು ಹಿಂದಿನ ರಾತ್ರಿ "ಆ ಗಾಡಿ ಕೆಟ್ಟಿದೆ, ಬೇರೆ ಕಳಿಸ್ತೀನಿ" ಎಂದರೆ ನಿಮ್ಮ ಪಾಸ್ ಕೆಲಸಕ್ಕೆ ಬಾರದು. ಗಾಡಿ ಬದಲಾದರೆ ಮನೆಯಿಂದಲೇ ಹೊಸ ಪಾಸ್ ತೆಗೆಯಿರಿ. ಬಂಡೀಪುರದ ಕಾಡಿನಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲವಾದ್ದರಿಂದ ಪಾಸಿನ ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಳ್ಳಿ, ಒಂದು ಪ್ರತಿ ಮುದ್ರಿಸಿ ಚಾಲಕರ ಕೈಗೂ ಕೊಡಿ. ಬಾಡಿಗೆ ಗಾಡಿ ಹಳದಿ ಬೋರ್ಡಿನದೇ ಆಗಿರಲಿ, ಅದರ ಪರ್ಮಿಟ್ ತಮಿಳುನಾಡಿಗೂ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ಬಿಳಿ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಓಡಿಸಿ ಅಪಘಾತವಾದರೆ ವಿಮೆಯ ಹಣಕ್ಕೆ ತಕರಾರು ಬರುತ್ತದೆ.

ಎರಡನೆಯದು ರಾತ್ರಿ ಸಂಚಾರ ನಿಷೇಧ. ಬಂಡೀಪುರ–ಮುದುಮಲೆ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಆಂಬುಲೆನ್ಸ್ ಮತ್ತು ಗೊತ್ತಾದ ಕೆಲವು ಬಸ್ಸುಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ನಿಮ್ಮ "ಭಾನುವಾರ ರಾತ್ರಿ ವಾಪಸ್" ನಡೆಯುವುದಿಲ್ಲ. ಗೂಡಲೂರು ದಾರಿಯಲ್ಲಿ ಊಟಿಯಿಂದ ಮುದುಮಲೆ ಕಾಡಿನ ತೆಪ್ಪಕಾಡಿಗೆ ಎರಡೂವರೆ ಗಂಟೆ ಹಿಡಿಯಿರಿ. ಮಧ್ಯಾಹ್ನ ಊಟ ಮುಗಿಸಿ 2ಕ್ಕೆ ಹೊರಟರೆ ಬೆಳಕಿರುವಾಗಲೇ ಕಾಡು ದಾಟಬಹುದು. 5ರ ಮೇಲೆ ಹೊರಟವರು ಮಂಜಿನಲ್ಲಿ ಘಾಟಿ ಇಳಿದು, ಕತ್ತಲಲ್ಲಿ ಆನೆಗಳಿರುವ ರಸ್ತೆಗೆ ಬೀಳುತ್ತಾರೆ.

ಹಾಸನವನ್ನು ಬೆಳಿಗ್ಗೆ 5ಕ್ಕೆ ಬಿಟ್ಟರೆ ಗುಂಡ್ಲುಪೇಟೆಯಲ್ಲಿ ತಿಂಡಿ. ಪೇಟೆ ದಾಟಿದ ಮೇಲೆ ಬಲಕ್ಕೆ ಸುಲ್ತಾನ್ ಬತ್ತೇರಿಯ ರಸ್ತೆ ಕವಲೊಡೆಯುತ್ತದೆ, ನೀವು ಬಂಡೀಪುರದ ಕಡೆ ಹಿಡಿಯಬೇಕು. ಕಾಡಿನೊಳಗೆ ಎಲ್ಲೂ ಇಳಿಯುವಂತಿಲ್ಲ, ದಂಡ ಹಾಕುತ್ತಾರೆ. ಆದ್ದರಿಂದ ಶೌಚಾಲಯದ ಕೆಲಸ ಗುಂಡ್ಲುಪೇಟೆಯಲ್ಲೇ ಮುಗಿಯಲಿ. ಬಿಸಾಡುವ ಪ್ಲಾಸ್ಟಿಕ್ ನೀರಿನ ಬಾಟಲಿಗಳಿಗೆ ನೀಲಗಿರಿಯಲ್ಲಿ ನಿಷೇಧವಿದೆ, ಚೆಕ್‌ಪೋಸ್ಟಿನಲ್ಲಿ ಕಸಿದುಕೊಳ್ಳುತ್ತಾರೆ. ತಲೆಗೊಂದು ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ. ತುಂಬಿಸಿಕೊಳ್ಳಲು ಅಲ್ಲಲ್ಲಿ ನೀರಿನ ಯಂತ್ರಗಳಿವೆ.

ನಾವು ನಾಲ್ವರು ಸ್ನೇಹಿತರು ನಮ್ಮದೇ ಕಾರಿನಲ್ಲಿ ಹೋಗುತ್ತೇವೆ. ಮಸಿನಗುಡಿ ದಾರಿ ಹತ್ತಿರ ಎನ್ನುತ್ತಾರೆ. ಆ 36 ತಿರುವಿನ ಘಾಟಿಯಲ್ಲಿ ಹೋಗಬಹುದೇ?
— ಓದುಗರು, ಮಂಡ್ಯ

ಹತ್ತಿರವೇನೋ ಹೌದು. ತೆಪ್ಪಕಾಡಿನಲ್ಲಿ ಎಡಕ್ಕೆ ತಿರುಗಿ ಮಸಿನಗುಡಿ, ಕಲ್ಲಟ್ಟಿ ಮೇಲೆ ಹೋದರೆ ಗೂಡಲೂರು ದಾರಿಗಿಂತ ಸುಮಾರು 30 ಕಿ.ಮೀ. ಉಳಿಯುತ್ತದೆ. ಆದರೆ ಆ ಏರು ಬಲು ಕಡಿದು. ಹೊರಗಿನವರ ವಾಹನಗಳು ಅಲ್ಲಿ ಇಳಿಯುವಂತಿಲ್ಲ, ಹತ್ತುವುದಕ್ಕೂ ಆಗಾಗ ನಿರ್ಬಂಧ ಬೀಳುತ್ತದೆ. ಮೊದಲ ಬಾರಿಗೆ ಘಾಟಿಯಲ್ಲಿ ಓಡಿಸುವವರಾದರೆ ಹೋಗಲೂ ಬರಲೂ ಗೂಡಲೂರು ದಾರಿಯೇ ಸರಿ. ಆ ದಾರಿಯಲ್ಲಿ ನಡುವಟ್ಟಂನ ಚಹಾ ತೋಟ, ಪೈಕಾರ, ತಲಕುಂದದ ಪೈನ್ ತೋಪು ಸಿಗುತ್ತವೆ.

ಇಳಿಯುವಾಗ ಬ್ರೇಕ್ ಹೋಗುವುದು ಏಕೆಂದು ತಿಳಿದಿದ್ದರೆ ಹೋಗದಂತೆ ನೋಡಿಕೊಳ್ಳಬಹುದು. ಕಾಲನ್ನು ಬ್ರೇಕಿನ ಮೇಲೇ ಇಟ್ಟುಕೊಂಡು ಇಳಿದರೆ ಪ್ಯಾಡ್ ಮತ್ತು ಡಿಸ್ಕ್ ಕಾಯುತ್ತವೆ, ಆ ಕಾವು ಬ್ರೇಕ್ ಆಯಿಲ್‌ಗೆ ದಾಟುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಎರಡು ವರ್ಷ ಮೀರಿದ್ದರೆ ಅದರಲ್ಲಿ ನೀರು ಸೇರಿಕೊಂಡು ಬೇಗ ಕುದಿಯುತ್ತದೆ. ಕುದಿದಾಗ ಏಳುವ ಗುಳ್ಳೆಗಳು ಒತ್ತಡವನ್ನೆಲ್ಲ ನುಂಗಿಬಿಡುವುದರಿಂದ ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ಆದ್ದರಿಂದ ಹೊರಡುವ ಮೊದಲು ಬ್ರೇಕ್ ಆಯಿಲ್ ಬದಲಿಸಿದ ತಾರೀಖು ನೋಡಿ, ಪ್ಯಾಡಿನ ದಪ್ಪ ನೋಡಿಸಿ. ಏರು ಯಾವ ಗೇರಿನಲ್ಲಿ ಹತ್ತುವುದೋ ಇಳಿಯುವುದೂ ಅದೇ ಗೇರಿನಲ್ಲಿ, ಹೆಚ್ಚಾಗಿ ಎರಡರಲ್ಲಿ. ಆಟೋಮ್ಯಾಟಿಕ್ ಗಾಡಿಯಾದರೆ ಡಿ-ಯಲ್ಲೇ ಬಿಡದೆ ಎಲ್‌ಗೋ ಮ್ಯಾನ್ಯುಯಲ್‌ಗೋ ಹಾಕಿ. ಬ್ರೇಕನ್ನು ಸ್ವಲ್ಪ ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ ಪೂರ್ತಿ ಬಿಡಿ, ಮತ್ತೆ ಬೇಕಾದಾಗ ಒತ್ತಿ. ಡೀಸೆಲ್ ಉಳಿಸುವ ಆಸೆಗೆ ನ್ಯೂಟ್ರಲ್‌ಗೆ ಹಾಕಲೇಬೇಡಿ. ಸುಟ್ಟ ವಾಸನೆ ಬಂದರೆ ಸಮತಟ್ಟು ಜಾಗ ನೋಡಿ ನಿಲ್ಲಿಸಿ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಹುಯ್ದರೆ ಅದು ಸೊಟ್ಟಗಾಗುತ್ತದೆ, ಸೀಳಬಹುದು. ಕಿರಿದಾದ ತಿರುವಿನಲ್ಲಿ ಮೇಲೇರುವ ಗಾಡಿಗೇ ಮೊದಲ ದಾರಿ. ಇಳಿಯುವವರು ನಿಂತು ದಾರಿ ಬಿಡಬೇಕು.

ನಮ್ಮ ಯಜಮಾನರಿಗೆ 64 ವರ್ಷ, ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಹಳೆಯ ಸಹೋದ್ಯೋಗಿಗಳ ಜೊತೆ ಊಟಿಗೆ ಹೋಗಬೇಕೆಂಬ ಆಸೆ. ಎತ್ತರದಿಂದ ತೊಂದರೆಯಾಗುತ್ತದೆಯೇ? ನನಗಂತೂ ಘಾಟಿಯಲ್ಲಿ ವಾಂತಿ.
— ಓದುಗರು, ದಾವಣಗೆರೆ

ಊಟಿ ಸಮುದ್ರಮಟ್ಟದಿಂದ 2,240 ಮೀಟರ್ ಮೇಲಿದೆ. ಪರ್ವತಗಳ ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಕಾಡುವಂಥದ್ದು, ಆ ಭಯ ದೊಡ್ಡದೇನಲ್ಲ. ಆದರೆ ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಭಾಗಕ್ಕಿಂತ ಚೂರು ಹೆಚ್ಚು, ಅಷ್ಟೆ. ಮನೆಯಲ್ಲಿ ಸಲೀಸಾಗಿ ಹತ್ತುವ ಮೆಟ್ಟಿಲು ಅಲ್ಲಿ ಏದುಸಿರು ತರಿಸುತ್ತದೆ. ಹೊರಡುವ ಒಂದು ತಿಂಗಳ ಮುಂಚೆ ಹೃದ್ರೋಗ ತಜ್ಞರಿಗೆ "ಇಷ್ಟು ಎತ್ತರ, ಇಷ್ಟು ಚಳಿ, ಇಷ್ಟು ನಡಿಗೆ" ಎಂದು ಬಿಡಿಸಿ ಹೇಳಿ ಒಪ್ಪಿಗೆ ಪಡೆಯಿರಿ. ತಲುಪಿದ ದಿನ ಏನೂ ನೋಡಬೇಡಿ. ಊಟ, ನಿದ್ದೆ, ಸಂಜೆ ಸಮತಟ್ಟಿನಲ್ಲಿ ಹತ್ತು ನಿಮಿಷ ಓಡಾಟ ಸಾಕು. ಬೆಳಗಿನ ಕೊರೆಯುವ ಚಳಿಯಲ್ಲಿ ರಕ್ತನಾಳ ಬಿಗಿದು ಹೃದಯಕ್ಕೆ ಹೊರೆ ಹೆಚ್ಚುವುದರಿಂದ ಅವರ ವಾಕಿಂಗ್ ಬಿಸಿಲು ಬಂದ ಮೇಲೇ ಇರಲಿ, ಕಿವಿಗೆ ಮಫ್ಲರ್ ಇರಲಿ. ಮಾತ್ರೆಗಳು ಎರಡು ದಿನಕ್ಕೆ ಹೆಚ್ಚಾಗುವಷ್ಟು ಇರಲಿ. ಅರ್ಧ ಅವರ ಚೀಲದಲ್ಲಿ, ಅರ್ಧ ನಿಮ್ಮ ಚೀಲದಲ್ಲಿ. ಒಂದು ಚೀಲ ಗಾಡಿಯಲ್ಲೇ ಉಳಿದು ಗಾಡಿ ಬೇರೆಡೆ ಹೋಗುವುದು ಗುಂಪಿನ ಪ್ರವಾಸದಲ್ಲಿ ತೀರಾ ಸಾಮಾನ್ಯ. ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಊಟಿಯಲ್ಲೇ ಇದೆ.

ನಿಮ್ಮ ವಾಂತಿಗೆ ಕಾರಣ, ಕಣ್ಣು ಹೇಳುವುದಕ್ಕೂ ಕಿವಿಯೊಳಗಿನ ಸಮತೋಲನದ ಅಂಗ ಹೇಳುವುದಕ್ಕೂ ತಾಳೆಯಾಗದಿರುವುದು. ಮುಂದಿನ ಸೀಟಿನಲ್ಲಿ ಕುಳಿತು ದೂರದ ರಸ್ತೆಯನ್ನೇ ನೋಡುತ್ತಿದ್ದರೆ ಎರಡೂ ಹೊಂದಿಕೊಳ್ಳುತ್ತವೆ. ಫೋನ್ ನೋಡಿದರೆ ಕೆಡುತ್ತದೆ. ಹೊಟ್ಟೆ ಪೂರ್ತಿ ಖಾಲಿ ಇರುವುದೂ ಒಳ್ಳೆಯದಲ್ಲ, ಎರಡು ಇಡ್ಲಿ ತಿನ್ನಿ, ಎಣ್ಣೆಯದು ಬೇಡ. ಮಾತ್ರೆ ತೆಗೆದುಕೊಳ್ಳುವುದಾದರೆ ಘಾಟಿಗೆ ಒಂದೆರಡು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ವಾಕರಿಕೆ ಶುರುವಾದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ. ಈ ಮಾತ್ರೆಗಳಿಂದ ಜೋಂಪು ಬರುವುದರಿಂದ ಗಾಡಿ ಓಡಿಸುವವರಿಗೆ ಕೂಡದು. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಪುಟಾಣಿ ರೈಲಿಗೆ ಟಿಕೆಟ್ ಸಿಗುವುದೇ ಇಲ್ಲ. ಎಂಟು ಜನರಿಗೆ ಹೇಗೆ ಮಾಡಿಸುವುದು?
— ಓದುಗರು, ಶಿವಮೊಗ್ಗ

ಈ ರೈಲು ಎರಡು ತುಂಡು ಎಂದು ತಿಳಿಯಿರಿ. ಮೆಟ್ಟುಪಾಳಯಂನಿಂದ ಕೂನೂರಿಗೆ ಒಂದು, ಕೂನೂರಿನಿಂದ ಊಟಿಗೆ ಇನ್ನೊಂದು. ಒಟ್ಟು 46 ಕಿ.ಮೀ. ಕೂನೂರಿನವರೆಗಿನ ಹಳಿ 1899ರಲ್ಲಿ, ಊಟಿಯವರೆಗಿನದು 1908ರಲ್ಲಿ ತೆರೆಯಿತು. 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಬೆ ಎಂಜಿನ್ ಹಿಂದಿನಿಂದ ತಳ್ಳುತ್ತ, ಹಳಿಗಳ ನಡುವಿನ ಹಲ್ಲುಪಟ್ಟಿಗೆ ತನ್ನ ಹಲ್ಲುಗಾಲಿ ಕಚ್ಚಿಸಿಕೊಂಡು ಏರುವುದು ಮೊದಲ ತುಂಡಿನಲ್ಲಿ, ಕಲ್ಲಾರಿನಿಂದ ಕೂನೂರಿನವರೆಗೆ. ಅಲ್ಲಿ ಸುಮಾರು 12 ಅಡಿ ಸಾಗುವಷ್ಟರಲ್ಲಿ ಒಂದು ಅಡಿ ಏರು. ಕೂನೂರಿನಿಂದ ಮೇಲೆ ಡೀಸೆಲ್ ಎಂಜಿನ್.

ನಿಮಗೆ ಹಬೆ ಬಂಡಿಯೇ ಬೇಕೆಂದರೆ ಮೆಟ್ಟುಪಾಳಯಂನಲ್ಲಿ ಹಿಂದಿನ ರಾತ್ರಿ ತಂಗಬೇಕು, ಏಕೆಂದರೆ ಬಂಡಿ ಬೆಳಿಗ್ಗೆ 7.10ಕ್ಕೆ. ಊಟಿ ಸೇರುವುದು ನಡು ಮಧ್ಯಾಹ್ನ. ಮುಂಗಡ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ, ಅಂದು ಬೆಳಿಗ್ಗೆಯೇ ಕೂರಬೇಕು. ಹುಡುಕುವಾಗ "ಊಟಿ" ಎಂದರೆ ಸಿಗದಿರಬಹುದು, ಉದಗಮಂಡಲಂ ಎಂದು ಹುಡುಕಿ. ಒಂದು ಟಿಕೆಟ್ಟಿಗೆ ಆರು ಹೆಸರು ಮಾತ್ರ ಹಿಡಿಸುವುದರಿಂದ ಎಂಟು ಜನಕ್ಕೆ ಇಬ್ಬರು ಬೇರೆ ಬೇರೆ ಖಾತೆಯಿಂದ ಒಂದೇ ಹೊತ್ತಿಗೆ ನಾಲ್ಕು ನಾಲ್ಕು ಮಾಡಿಸಿ. ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ ಹಿಂಗಾರಿಗೆ ಈ ಕೆಳ ತುಂಡಿನಲ್ಲೇ ಗುಡ್ಡ ಜರಿದು ಬಂಡಿ ರದ್ದಾಗುತ್ತದೆ. ಆ ತಿಂಗಳುಗಳಲ್ಲಿ ಇದೊಂದನ್ನೇ ನಂಬಿ ಹೊರಡಬೇಡಿ.

ನಿಮ್ಮ ಗುಂಪಿಗೆ ನಮ್ಮ ಸಲಹೆ ಬೇರೆ. ಊಟಿಯಿಂದ ಕೂನೂರಿಗೆ ದಿನಕ್ಕೆ ಹಲವು ಬಂಡಿಗಳಿವೆ, ಸುಮಾರು 19 ಕಿ.ಮೀ., ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು. ಬಂಡಿ ಹೊರಡುವ ಒಂದು ಗಂಟೆ ಮುಂಚೆ ನಿಲ್ದಾಣದಲ್ಲಿರಿ, ಕಾಯ್ದಿರಿಸದ ಟಿಕೆಟ್ಟಿಗೆ ಸಾಲು ನಿಲ್ಲಿ. ಚಾಲಕರು ಖಾಲಿ ಗಾಡಿಯನ್ನು ಕೂನೂರು ನಿಲ್ದಾಣಕ್ಕೆ ತರಲಿ. ಲವ್‌ಡೇಲ್, ಕೇತಿ ಕಣಿವೆ, ವೆಲ್ಲಿಂಗ್ಟನ್ ಎಲ್ಲ ನೋಡಿಕೊಂಡು ಇಳಿದು, 1874ರ ಸಿಮ್ಸ್ ಪಾರ್ಕ್ ನೋಡಿ ಗಾಡಿಯಲ್ಲಿ ವಾಪಸಾಗಬಹುದು. ಹೋಗುವಾಗಲೂ ಬರುವಾಗಲೂ ರೈಲೇ ಬೇಕೆಂದು ಹಟ ಹಿಡಿದರೆ ಅರ್ಧ ದಿನ ಸಾಲಿನಲ್ಲೇ ಹೋಗುತ್ತದೆ. ಬೋಗಿಗಳಲ್ಲಿ ಶೌಚಾಲಯವಿಲ್ಲ, ನೆನಪಿರಲಿ.

1980ರ ದಶಕದಲ್ಲಿ ನಾವು ಆರು ಜನ ಗೆಳತಿಯರು ಸಸ್ಯೋದ್ಯಾನದಲ್ಲಿ ತೆಗೆಸಿಕೊಂಡ ಫೋಟೋ ಇದೆ. ಅದೇ ಜಾಗದಲ್ಲಿ, ಅದೇ ರೀತಿ ನಿಂತು ಮತ್ತೆ ತೆಗೆಯಬೇಕು. ಮಗ ಒಮ್ಮೆ ಪ್ರಯತ್ನಿಸಿದರೂ "ಅದೇ ಥರ" ಬರಲಿಲ್ಲ. ಏನು ತಪ್ಪು?
— ಓದುಗರು, ಧಾರವಾಡ

ಈ ಪ್ರಶ್ನೆ ನಮಗೆ ತುಂಬ ಇಷ್ಟವಾಯಿತು. ತಪ್ಪಾಗಿದ್ದು ನಿಂತ ಜಾಗ ಮತ್ತು ಲೆನ್ಸ್ ಎರಡರಲ್ಲೂ ಇರಬೇಕು.

ಮೊದಲು ಮೂಲ ಫೋಟೋ. ಅಂಟು ಹಾಳೆಯ ಆಲ್ಬಮ್‌ನಿಂದ ಎಳೆದು ಕೀಳಬೇಡಿ, ಮೇಲಿನ ಪದರ ಹರಿದು ಬರುತ್ತದೆ. ಹಲ್ಲಿನ ಸಂದು ಶುಚಿ ಮಾಡುವ ದಾರವನ್ನು ಫೋಟೋದ ಕೆಳಗೆ ತೂರಿಸಿ ಗರಗಸದ ಹಾಗೆ ಮೆಲ್ಲಗೆ ಆಡಿಸಿದರೆ ಬಿಡುತ್ತದೆ. ಬಾರದಿದ್ದರೆ ಹಾಗೇ ಕಿಟಕಿಯ ಬೆಳಕಿನಲ್ಲಿಟ್ಟು ಫ್ಲಾಶ್ ಇಲ್ಲದೆ ಫೋನಿನಲ್ಲಿ ಪ್ರತಿ ತೆಗೆಯಿರಿ. ಊಟಿಗೆ ಒಯ್ಯಬೇಕಾದ್ದು ಆ ಪ್ರತಿಯ ದೊಡ್ಡ ಮುದ್ರಣ. ಮೂಲ ಮನೆಯಲ್ಲಿರಲಿ. ಕಪ್ಪು ಬಿಳುಪು ಚಿತ್ರವಾದರೆ ಆ ರೋಲ್ ಊಟಿಯಲ್ಲೇ ತಯಾರಾದ 'ಇಂದು' ಫಿಲ್ಮ್ ಇದ್ದರೂ ಇರಬಹುದು. ಅದನ್ನು ಮಾಡುತ್ತಿದ್ದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಈಗ ಮುಚ್ಚಿದೆ.

ಜಾಗ ಹುಡುಕಲು ಮರಗಳನ್ನು ನಂಬಬೇಡಿ. ನಲವತ್ತು ವರ್ಷದಲ್ಲಿ ಅವು ಬೆಳೆದಿವೆ, ಬಿದ್ದಿವೆ. ಹೂವಿನ ಪಾತಿಗಳಂತೂ ವರ್ಷ ವರ್ಷ ಬದಲಾಗುತ್ತವೆ. ಬದಲಾಗದ್ದು ಹಿಂದಿನ ಬೆಟ್ಟದ ಏಣು, ಕಟ್ಟಡದ ಮೂಲೆ, ಕಲ್ಲಿನ ಮೆಟ್ಟಿಲು. ಫೋಟೋದಲ್ಲಿ ಹತ್ತಿರದ್ದೊಂದು, ದೂರದ್ದೊಂದು ಗುರುತು ಆರಿಸಿ. ಕಟ್ಟಡದ ಎಡ ಮೂಲೆ ಮತ್ತು ಅದರ ಹಿಂದೆ ಬೆಟ್ಟದ ತಗ್ಗು ಎಂದಿಟ್ಟುಕೊಳ್ಳಿ. ಈಗ ನಿಂತು ನೋಡಿದಾಗ ಆ ಮೂಲೆ, ತಗ್ಗಿಗೆ ಹೋಲಿಸಿದರೆ ಹಳೆಯ ಫೋಟೋದಲ್ಲಿದ್ದುದಕ್ಕಿಂತ ಬಲಕ್ಕೆ ಕಂಡರೆ ನೀವು ಬಲಕ್ಕೆ ಸರಿಯಬೇಕು, ಎಡಕ್ಕೆ ಕಂಡರೆ ಎಡಕ್ಕೆ. ದೂರದ ಬೆಟ್ಟಕ್ಕೆ ಹೋಲಿಸಿದರೆ ಕಟ್ಟಡ ತೀರಾ ದೊಡ್ಡದಾಗಿ ಕಂಡರೆ ಹಿಂದಕ್ಕೆ ಹೋಗಿ. ಈ ಎರಡು ಹೊಂದಾಣಿಕೆಯಲ್ಲಿ ಐದಾರು ಸಲ ಅತ್ತಿತ್ತ ಆದರೆ ಒಂದೆರಡು ಹೆಜ್ಜೆಯ ಅಂತರದಲ್ಲಿ ಜಾಗ ಸಿಕ್ಕಿಬಿಡುತ್ತದೆ. ಜಾಗ ಸಿಗುವವರೆಗೆ ಜೂಮ್ ಮುಟ್ಟಬೇಡಿ.

ಮುಂದೆ ಲೆನ್ಸ್. ಫೋನಿನ ಮುಖ್ಯ ಕ್ಯಾಮರಾ ಹಳೆಯ ಲೆಕ್ಕದಲ್ಲಿ 24–26 ಮಿ.ಮೀ.ನಷ್ಟು ಅಗಲ ನೋಟದ್ದು. ಅಂದಿನ ಸಾಮಾನ್ಯ ಚಿಕ್ಕ ಕ್ಯಾಮರಾಗಳು 35–38 ಮಿ.ಮೀ., ದೊಡ್ಡ ಎಸ್‌ಎಲ್‌ಆರ್ ಆದರೆ 50. ಅದಕ್ಕೇ ನಿಮ್ಮ ಮಗ ತೆಗೆದ ಚಿತ್ರದಲ್ಲಿ ಬೆಟ್ಟ ಚಿಕ್ಕದಾಗಿ ದೂರ ಸರಿದಿರಬೇಕು. ಚೌಕಟ್ಟು ತುಂಬಲೆಂದು ಅವರು ನಿಮ್ಮ ಹತ್ತಿರ ಬಂದಿರುತ್ತಾರೆ. ಜಾಗ ಖಚಿತವಾದ ಮೇಲೆ ಚಿಕ್ಕ ಕ್ಯಾಮರಾದ ಫೋಟೋಕ್ಕೆ 1.5 ಪಟ್ಟು, ಎಸ್‌ಎಲ್‌ಆರ್‌ನದಕ್ಕೆ 2 ಪಟ್ಟು ಜೂಮ್ ಮಾಡಿ. ಹಳೆಯ ಫೋಟೋ ಚೌಕವಾಗಿದ್ದರೆ ಅದು ಮಧ್ಯಮ ಅಳತೆಯ ರೋಲಿನದು. ಉದ್ಯಾನದ ಫೋಟೋಗ್ರಾಫರ್ ಯಾಶಿಕಾದಂಥ ಎರಡು ಕಣ್ಣಿನ ಕ್ಯಾಮರಾವನ್ನು ಸೊಂಟದ ಮಟ್ಟದಲ್ಲಿ ಹಿಡಿದು ತೆಗೆದಿರಬಹುದು. ಹಾಗಿದ್ದರೆ ನಿಮ್ಮ ತಲೆಗಳು ಬೆಟ್ಟದ ಗೆರೆಗಿಂತ ಮೇಲೆ ಎದ್ದು ಕಾಣುತ್ತವೆ. ಫೋನನ್ನೂ ಸೊಂಟದ ಎತ್ತರಕ್ಕೆ ಇಳಿಸಿ, ಚಿತ್ರವನ್ನು ಚೌಕಕ್ಕೆ ಕತ್ತರಿಸಿ.

ಕೊನೆಗೆ ನೆರಳು. ಊಟಿ 11.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಕೊನೆಯ ಹೊತ್ತಿನವರೆಗೆ ನಡುಹಗಲ ಸೂರ್ಯ ಉತ್ತರಕ್ಕಿರುತ್ತಾನೆ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಮೇ ತಿಂಗಳ ಫೋಟೋವನ್ನು ಡಿಸೆಂಬರ್‌ನಲ್ಲಿ ಮರುತೆಗೆದರೆ ಮುಖದ ಮೇಲಿನ ಬೆಳಕು ಹೊಂದುವುದಿಲ್ಲ. ಫೆಬ್ರುವರಿ ಎರಡನೇ ವಾರದ ಬಿಸಿಲು ಅಕ್ಟೋಬರ್ ಕೊನೆಯ ಬಿಸಿಲಿಗೂ, ಜನವರಿ ಮೊದಲ ವಾರದ್ದು ಡಿಸೆಂಬರ್ ಮೊದಲ ವಾರದ್ದಕ್ಕೂ ಹೆಚ್ಚುಕಡಿಮೆ ಸರಿಹೊಂದುತ್ತದೆ. ಇಂದು ಆರರಲ್ಲಿ ಒಬ್ಬರು ಇಲ್ಲವಾಗಿದ್ದರೆ ಅವರು ನಿಂತಿದ್ದ ಜಾಗವನ್ನು ಖಾಲಿಯೇ ಬಿಡಿ, ಒತ್ತಾಗಿ ನಿಂತು ತುಂಬಬೇಡಿ.

ಹೋಂಸ್ಟೇ ಹಿಡಿಯುವಾಗ ಏನು ನೋಡಬೇಕು?
— ಓದುಗರು, ತುಮಕೂರು

ಸ್ನಾನದ ಮನೆ. ಗ್ಯಾಸ್ ಗೀಸರ್ ಒಳಗೇ ಇದ್ದು ಗಾಳಿಕಿಂಡಿ ಮುಚ್ಚಿದ್ದರೆ ಆ ಕೋಣೆ ಬೇಡ. ಗಾಳಿ ಸಾಲದೆ ಉರಿಯುವ ಗ್ಯಾಸು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆಯಿಲ್ಲ. ತಲೆನೋವು, ವಾಕರಿಕೆ ಬಂದರೆ ಪ್ರಯಾಣದ ಆಯಾಸ ಎಂದುಕೊಳ್ಳುವಷ್ಟರಲ್ಲಿ ಪ್ರಜ್ಞೆ ತಪ್ಪುತ್ತದೆ. ಚಳಿಗೆಂದು ಕೆಂಡದ ಬಾಂಡಲಿಯನ್ನು ಮುಚ್ಚಿದ ಕೋಣೆಯೊಳಗೆ ಇಟ್ಟುಕೊಂಡು ಮಲಗುವುದೂ ಇಷ್ಟೇ ಅಪಾಯ. ನೀವೇ ಅಡುಗೆ ಮಾಡುವುದಾದರೆ ಕುಕ್ಕರ್ ಒಯ್ಯಿರಿ. ಅಲ್ಲಿ ನೀರು 92–93 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಗ ಬೇಯುವುದಿಲ್ಲ.

ಊಟಿ ಈಗ ಕಾಂಕ್ರೀಟ್ ಆಗಿದೆ, ಹೋಗಬೇಡಿ ಎನ್ನುತ್ತಾರೆ. ಹಳೆಯ ಊಟಿ ಏನಾದರೂ ಉಳಿದಿದೆಯೇ?
— ಓದುಗರು, ಮೈಸೂರು

ಚೇರಿಂಗ್ ಕ್ರಾಸ್‌ನಿಂದ ಮಾರುಕಟ್ಟೆಯವರೆಗೆ ಹಗಲು ಹನ್ನೊಂದರ ಮೇಲೆ ನಡೆದರೆ ಆ ಮಾತು ನಿಜ. ಅದೇ ದಾರಿಯಲ್ಲಿ ಬೆಳಿಗ್ಗೆ ಆರೂವರೆಗೆ ನಡೆಯಿರಿ, ಊರು ಬೇರೆಯೇ ಆಗಿರುತ್ತದೆ. ಕೆರೆಯ ಬಗ್ಗೆ ನಿಮ್ಮ ನೆನಪು ದೊಡ್ಡದಾಗಿದ್ದರೆ ಆಶ್ಚರ್ಯವಿಲ್ಲ. ಬ್ರಿಟಿಷ್ ಕಲೆಕ್ಟರ್ ಜಾನ್ ಸಲಿವನ್ 1820ರ ದಶಕದಲ್ಲಿ ಕಟ್ಟಿಸಿದಾಗ ಅದು ಇನ್ನೂ ದೊಡ್ಡದಿತ್ತು. ಬಸ್ ನಿಲ್ದಾಣ, ಹಳೆಯ ಕುದುರೆ ಓಟದ ಮೈದಾನ ಇರುವುದು ಅದರ ಅಂಗಳದಲ್ಲೇ.

ಮೈಸೂರಿನವರು ನೀವು. ಸೇಂಟ್ ಸ್ಟೀಫನ್ಸ್ ಚರ್ಚಿನೊಳಗೆ ಹೋಗಿ ತಲೆಯೆತ್ತಿ ನೋಡಿ. 1829ರಲ್ಲಿ ಅಡಿಗಲ್ಲಿಟ್ಟ ಆ ಚರ್ಚಿನ ತೊಲೆಗಳನ್ನು ತಂದದ್ದು ಶ್ರೀರಂಗಪಟ್ಟಣದಿಂದ, ಟಿಪ್ಪುವಿನ ಅರಮನೆ ಕೆಡವಿದ ಮೇಲೆ. ಹಿಂದಿನ ಸಮಾಧಿಗಳಿರುವ ಇಳಿಜಾರು ಜಾರುತ್ತದೆ, ಮೊಣಕಾಲು ನೋವಿನವರು ಕೆಳಗೇ ಕೂರಲಿ. ಫರ್ನ್‌ಹಿಲ್‌ನಲ್ಲಿ ಮೈಸೂರು ಅರಸರ ಅರಮನೆ ಇದೆ, ಅದೇ ಕಡೆ ನಮ್ಮ ತೋಟಗಾರಿಕೆ ಇಲಾಖೆಯ 38 ಎಕರೆಯ ಕರ್ನಾಟಕ ಸಿರಿ ಉದ್ಯಾನವೂ ಇದೆ. 1993ರಲ್ಲಿ ಬಂದವರು ಇದನ್ನೂ, 1995ರ ಗುಲಾಬಿ ಉದ್ಯಾನವನ್ನೂ ನೋಡಿರುವುದಿಲ್ಲ. ದೊಡ್ಡಬೆಟ್ಟಕ್ಕೆ ಬೆಳಿಗ್ಗೆಯೇ ಹೋಗಿ. ಕಣಿವೆ ಕಾದಂತೆ ತೇವದ ಗಾಳಿ ಮೇಲೇರಿ ಮಧ್ಯಾಹ್ನಕ್ಕೆ ಶಿಖರ ಮೋಡದೊಳಗೆ ಸೇರುತ್ತದೆ, 2,637 ಮೀಟರ್ ಹತ್ತಿ ಬಿಳಿ ಗೋಡೆ ನೋಡಿದಂತಾಗುತ್ತದೆ. ಡಿಸೆಂಬರ್–ಜನವರಿಯಲ್ಲಿ ಹಿಮದ ಇಬ್ಬನಿ ನೋಡುವ ಆಸೆಯಿದ್ದರೆ ತಲಕುಂದದ ತಗ್ಗಿನ ಹುಲ್ಲಿಗೆ ಬಿಸಿಲು ಬೀಳುವ ಮುನ್ನ ಹೋಗಬೇಕು. ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗೆ ಇಳಿಯುವುದರಿಂದ ಇಬ್ಬನಿ ಗುಡ್ಡದ ನೆತ್ತಿಗಿಂತ ಅಲ್ಲೇ ಹೆಚ್ಚು. ಅವಲಾಂಚಿ ಜುಲೈ–ಆಗಸ್ಟ್‌ನಲ್ಲಿ ಬೇಡ. 2019ರ ಆಗಸ್ಟ್‌ನಲ್ಲಿ ಅಲ್ಲಿ ಒಂದೇ ದಿನ 80 ಸೆಂ.ಮೀ. ಮೀರಿ ಮಳೆ ಸುರಿದಿತ್ತು.

ಇಲ್ಲಿನ ಬಡಗ ಸಮುದಾಯದ ಹಳ್ಳಿಗಳ ಕಡೆ ಹೋದರೆ ಕಿವಿಗೊಟ್ಟು ಕೇಳಿ. ಅವರ ಮಾತು ಕನ್ನಡಕ್ಕೆ ತೀರ ಹತ್ತಿರದ್ದು. ನಿಧಾನವಾಗಿ ಮಾತಾಡಿಸಿದರೆ ಇಬ್ಬರಿಗೂ ಅರ್ಥವಾಗುತ್ತದೆ. ತೋಡ ಬುಡಕಟ್ಟಿನವರ ಹಟ್ಟಿಗಳಾದ ಮಂದುಗಳಲ್ಲಿ ಕೇಳದೆ ಫೋಟೋ ತೆಗೆಯಬೇಡಿ, ಗುಡಿಯ ಹತ್ತಿರ ಹೋಗಬೇಡಿ.

ತರುವಂಥದ್ದು ಏನು?
— ಓದುಗರು, ಚಿಕ್ಕಮಗಳೂರು

ವರ್ಕಿ ಎಂಬ ಬಿಸ್ಕತ್ತು. 2023ರಲ್ಲಿ ಊಟಿ ವರ್ಕಿಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂದಿದೆ. ಪದರ ಪದರವಾಗಿ ಪುಡಿಯಾಗುವುದರಿಂದ ಚೀಲದ ಮೇಲ್ಭಾಗದಲ್ಲಿಡಿ, ಸ್ಟೀಲ್ ಡಬ್ಬಿಯಾದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಮಾಡಿದ ಚಾಕೊಲೇಟನ್ನು ಹೊರಡುವ ದಿನ ಕೊಳ್ಳಿ, ಗುಂಡ್ಲುಪೇಟೆಯ ಬಿಸಿಲಿಗೆ ಕರಗುತ್ತದೆ. ಸೀಟಿನ ಕೆಳಗೆ ನೆರಳಿನಲ್ಲಿಡಿ, ಎಂಜಿನ್ ಪಕ್ಕ ಬೇಡ. ನೀಲಗಿರಿ ತೈಲ ಕೊಳ್ಳುವ ಮೊದಲು ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿಸಿ, ಅಂಗಡಿ ಸುತ್ತಿ ಬನ್ನಿ. ಶುದ್ಧ ತೈಲ ಆರಿ ಹೋಗುತ್ತದೆ. ಜಿಡ್ಡಿನ ಕಲೆ ಉಳಿದರೆ ಬೇರೆ ಎಣ್ಣೆ ಬೆರೆಸಿದ್ದಾರೆ, ಮುಂದಿನ ಅಂಗಡಿ ನೋಡಿ.